ವೆನಿಸ್ ಮುಳುಗ್ತಿದೆ ಅಂತಾರಲ್ಲ, ಮುಳುಗಿಸಿದ್ದು ಯಾರು?

ಈ ವಾರದ ಮಾತು ವೆನಿಸ್ ನಗರದ ಬಗ್ಗೆ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬಿನಲ್ಲಿ ಕೂತು ಓದೋರಿಗೆ, ಎಂದಿನಂತೆ ಬರಹದ ರೂಪ ಇಲ್ಲಿದೆ. ಸಮಯ ಸಾಲದೆ ವಿಡಿಯೊದಲ್ಲಿ ಹೇಳದ ಕೆಲವು ವಿಷಯಗಳನ್ನೂ ಸೇರಿಸಿದ್ದೇನೆ.

ನೇರವಾಗಿ 1966ರ ನವೆಂಬರ್ 4ಕ್ಕೆ ಹೋಗೋಣ. ಹಿಂದಿನ ರಾತ್ರಿ ವೆನಿಸ್‌ಗೆ ಸಮುದ್ರದ ನೀರು ಏರಿತ್ತು. ಅದರಲ್ಲಿ ಹೊಸದೇನಿಲ್ಲ. ಚಳಿಗಾಲ ಬಂದರೆ ಅಲ್ಲಿ ನೀರು ಏರುತ್ತೆ, ಕೆಲವು ಗಂಟೆ ನಿಲ್ಲುತ್ತೆ, ಇಳಿತದ ಹೊತ್ತಿಗೆ ವಾಪಸ್ ಹೋಗುತ್ತೆ. ಜನ ಬೂಟು ಹಾಕ್ಕೊಂಡು ಅಂಗಡಿ ಒರೆಸಿ ಮತ್ತೆ ವ್ಯಾಪಾರ ಶುರು ಮಾಡ್ತಾರೆ. ಆದರೆ ಆವತ್ತು ಬೆಳಗಾದರೂ ನೀರು ಹೋಗಲಿಲ್ಲ. ಇಳಿತದ ಸಮಯ ಬಂತು, ನೀರು ಇಳಿಯಲಿಲ್ಲ. ಅದರ ಮೇಲೆಯೇ ಮುಂದಿನ ಉಬ್ಬರ ಬಂತು. ಸಂಜೆ 6 ಗಂಟೆಗೆ ಅಳತೆಗೋಲು 194 ಸೆಂ.ಮೀ. ತೋರಿಸಿತು. ಅಷ್ಟು ಎತ್ತರದ ನೀರು ಅಲ್ಲಿ ಅಳತೆ ಶುರುವಾದ ಮೇಲೆ ಅದಕ್ಕಿಂತ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಕರೆಂಟು ಹೋಗಿತ್ತು, ಟೆಲಿಫೋನ್ ಸತ್ತಿತ್ತು. ಮನೆ ಬೆಚ್ಚಗಿಡೋಕೆ ನೆಲಮಾಳಿಗೆಗಳಲ್ಲಿ ಇಟ್ಟಿದ್ದ ಎಣ್ಣೆಯ ಟ್ಯಾಂಕುಗಳು ಒಡೆದು, ಕಪ್ಪು ಎಣ್ಣೆ ನೀರಿನ ಮೇಲೆ ಹರಡಿ, ಗೋಡೆಗಳಿಗೆಲ್ಲ ಮೆತ್ತಿಕೊಂಡಿತ್ತು. ರಾತ್ರಿ ಗಾಳಿಯ ದಿಕ್ಕು ತಿರುಗಿದ ಮೇಲೆ, ತೊಟ್ಟಿಯ ಬಿರಡೆ ತೆಗೆದ ಹಾಗೆ, ನೀರು ಸರಸರನೆ ಸಮುದ್ರಕ್ಕೆ ವಾಪಸ್ಸಾಯಿತು.

ಅದೇ ದಿನ ಫ್ಲಾರೆನ್ಸ್‌ನಲ್ಲಿ ಆರ್ನೊ ನದಿ ಉಕ್ಕಿ ಹತ್ತಾರು ಜನ ಸತ್ತಿದ್ದರು. ವೆನಿಸ್ ನಗರದೊಳಗೆ ಯಾರೂ ಸಾಯಲಿಲ್ಲ. ಆದರೂ ಆ ಒಂದು ದಿನ ವೆನಿಸ್‌ನ ಚರಿತ್ರೆಯನ್ನು ಎರಡು ಭಾಗ ಮಾಡಿತು. "ವೆನಿಸ್ ಮುಳುಗ್ತಿದೆ" ಅನ್ನೋ ಮಾತು ಜಗತ್ತಿಗೆಲ್ಲ ಮುಟ್ಟಿದ್ದು ಆವತ್ತಿಂದ.

ನನ್ನ ಪ್ರಶ್ನೆ ಬೇರೆ. ಈ ಊರು ಸಾವಿರಕ್ಕೂ ಹೆಚ್ಚು ವರ್ಷ ನೀರಿನ ಮೇಲೇ ಇತ್ತಲ್ಲ? ಅಷ್ಟು ವರ್ಷ ಹೇಗೆ ಉಳೀತು? 20ನೇ ಶತಮಾನದಲ್ಲಿ ಏನು ಬದಲಾಯಿತು? ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ಸಮುದ್ರಕ್ಕಿಂತ ಜಾಸ್ತಿ ಒಂದು ಕಚೇರಿಯ ಕಥೆ ಸಿಗುತ್ತೆ.

ಮೊದಲು ಜಾಗ ನೋಡೋಣ

ವೆನಿಸ್ ಇರೋದು ತೆರೆದ ಸಮುದ್ರದಲ್ಲಲ್ಲ. ಇಟಲಿಯ ಈಶಾನ್ಯ ಮೂಲೆಯಲ್ಲಿ ಏಡ್ರಿಯಾಟಿಕ್ ಸಮುದ್ರದ ಅಂಚಿಗೆ ಸುಮಾರು 550 ಚದರ ಕಿ.ಮೀ. ವಿಸ್ತಾರದ ಒಂದು ಆಳವಿಲ್ಲದ ಉಪ್ಪುನೀರಿನ ಹರವು ಇದೆ. ಅದನ್ನ ಲಗೂನ್ ಅಂತಾರೆ. ಬಹಳ ಕಡೆ ಎದೆಮಟ್ಟಕ್ಕಿಂತ ಜಾಸ್ತಿ ಆಳ ಇಲ್ಲ. ಲಗೂನಿಗೂ ಸಮುದ್ರಕ್ಕೂ ನಡುವೆ ಉದ್ದನೆಯ ತೆಳ್ಳಗಿನ ಮರಳು ದಿಬ್ಬಗಳು. ದಿಬ್ಬಗಳ ನಡುವೆ ಮೂರು ಬಾಯಿ: ಲಿಡೊ, ಮಲಮೊಕ್ಕೊ, ಕ್ಯೊಜ್ಜಾ. ನಮ್ಮ ಕರಾವಳಿಯವರು ಇಂಥ ಜಾಗಕ್ಕೆ ಅಳಿವೆ ಅಂತಾರೆ. ಸಮುದ್ರ ಒಳಗೆ ಬರೋದೂ ಹೊರಗೆ ಹೋಗೋದೂ ಈ ಮೂರು ಅಳಿವೆಗಳ ಮೂಲಕವೇ. ಈ ಮೂರು ಹೆಸರು ನೆನಪಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಕ್ಯೊಜ್ಜಾ ಅಂದಾಗ ಒಂದು ಚಿಕ್ಕ ಮಾತು. ಶಾಲೆಯಲ್ಲಿ ವಿಜಯನಗರದ ಪಾಠದಲ್ಲಿ ನಿಕೊಲೊ ಕಾಂಟಿ ಅಂತ ಓದಿದ್ವಲ್ಲ, ಸುಮಾರು 1420ರಲ್ಲಿ ಹಂಪಿಗೆ ಬಂದಿದ್ದ ಪ್ರವಾಸಿ, ಆತ ಇದೇ ಕ್ಯೊಜ್ಜಾ ಊರಿನವನು. ಅವನನ್ನ ಅಷ್ಟು ದೂರ ಕರಕೊಂಡು ಬಂದದ್ದು ವ್ಯಾಪಾರ. ನಮ್ಮ ಪಶ್ಚಿಮ ಘಟ್ಟದ ಕಾಳುಮೆಣಸು ಯುರೋಪಿನ ಅಡುಗೆಮನೆ ಸೇರುತ್ತಿದ್ದ ದೊಡ್ಡ ಬಾಗಿಲು ಆ ಕಾಲಕ್ಕೆ ವೆನಿಸ್. ಆ ಅರಮನೆಗಳ ಹಣದಲ್ಲಿ ನಮ್ಮ ಮೆಣಸಿನ ಘಾಟೂ ಸ್ವಲ್ಪ ಇದೆ ಅನ್ನಬಹುದು.

ಕೆಸರಲ್ಲಿ ಊರು ಕಟ್ಟೋಕೆ ಯಾಕೆ ಹೋದರು? ಭಯದಿಂದ. ರೋಮ್ ಸಾಮ್ರಾಜ್ಯ ಕುಸಿಯುತ್ತಿದ್ದಾಗ 452ರಲ್ಲಿ ಅಟ್ಟಿಲನ ಹೂಣರು, 568ರ ನಂತರ ಲೊಂಬಾರ್ಡರು ಬಂದರು. ನೆಲದ ಮೇಲಿನ ಜನ ಓಡಿ ಬಂದು ಈ ಜವುಗಿನ ದ್ವೀಪಗಳಲ್ಲಿ ಬಚ್ಚಿಟ್ಟುಕೊಂಡರು. ಕುದುರೆ ಸವಾರನಿಗೆ ಬರೋಕೆ ನೆಲ ಇಲ್ಲ, ದೊಡ್ಡ ಹಡಗಿಗೆ ಬರೋಕೆ ಆಳ ಇಲ್ಲ. ಬೇರೆ ಊರುಗಳಿಗೆ ಕಲ್ಲಿನ ಕೋಟೆ ಇದ್ದರೆ, ಇವರಿಗೆ ನೀರೇ ಕೋಟೆ.

ಕಟ್ಟಿದ್ದು ಹೇಗೆ ಅಂದ್ರೆ, ಆಲ್ಡರ್, ಓಕ್, ಲಾರ್ಚ್ ಮರದ ಗೂಟಗಳನ್ನ ಕೆಸರಿನೊಳಗೆ ಒತ್ತೊತ್ತಾಗಿ ಹೊಡೆಯೋದು. ಕೆಳಗಿನ ಗಟ್ಟಿ ಜೇಡಿಯ ಪದರವೇ ಗುರಿ. ಕೆಸರಿನೊಳಗೆ ಗಾಳಿ ಆಡೋದಿಲ್ಲ, ಹಾಗಾಗಿ ಮರ ಕೊಳೆಯೋದು ಬಹಳ ನಿಧಾನ. ಗೂಟಗಳ ಮೇಲೆ ಹಲಗೆ, ಅದರ ಮೇಲೆ ಇಸ್ಟ್ರಿಯಾ ಪ್ರಾಂತದಿಂದ ತಂದ ಬಿಳಿ ಕಲ್ಲು. ಇದು ಉಪ್ಪುನೀರನ್ನ ಹೆಚ್ಚುಕಮ್ಮಿ ಹೀರೋದೇ ಇಲ್ಲ. ಅದರ ಮೇಲೆ ಇಟ್ಟಿಗೆ ಗೋಡೆ. ರಿಯಾಲ್ಟೊ ಸೇತುವೆ ಗೊತ್ತಲ್ಲ, 1588ರಿಂದ 1591ರವರೆಗೆ ಕಟ್ಟಿದ್ದು, ಅದೊಂದರ ಕೆಳಗೇ ಸುಮಾರು 12,000 ಗೂಟಗಳಿವೆ.

ಇಲ್ಲಿ ಮುಖ್ಯ ಸೂಕ್ಷ್ಮ ಇದು: ಆ ಬಿಳಿ ಕಲ್ಲಿನ ಮಟ್ಟ. ಉಬ್ಬರ ಎಷ್ಟು ಏರಿದರೂ ಕಲ್ಲನ್ನ ಮುಟ್ಟಬೇಕೇ ಹೊರತು ಇಟ್ಟಿಗೆಯನ್ನ ಮುಟ್ಟಬಾರದು ಅನ್ನೋ ಲೆಕ್ಕ. ಇಟ್ಟಿಗೆಗೆ ಉಪ್ಪುನೀರು ತಾಗಿದರೆ ಅದು ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತೆ. ನೀರು ಆರಿ ಉಪ್ಪು ಒಳಗೆ ಉಳಿಯುತ್ತೆ, ಹರಳುಗಟ್ಟಿ ಉಬ್ಬಿ ಇಟ್ಟಿಗೆಯನ್ನ ಒಳಗಿಂದಲೇ ಪುಡಿ ಮಾಡುತ್ತೆ. ಸಮುದ್ರದ ಹತ್ತಿರ ಮನೆ ಇರೋರು, ಮುಂಬೈ ಚೆನ್ನೈನಲ್ಲಿರೋ ನಿಮಗೆ, ಗೋಡೆಯ ಪ್ಲಾಸ್ಟರ್ ಹುಡಿ ಹುಡಿಯಾಗಿ ಉದುರೋದು ಗೊತ್ತಿರುತ್ತೆ. ವೆನಿಸ್‌ನ ನಿಜವಾದ ರೋಗ ಅದು. ಟಿವಿಯಲ್ಲಿ ತೋರಿಸೋ ಮೊಣಕಾಲುದ್ದ ನೀರು ಒಂದು ದಿನದ್ದು. ಗೋಡೆಯೊಳಗಿನ ಉಪ್ಪು ದಿನಾ ಕೆಲಸ ಮಾಡುತ್ತೆ.

ನೀರಿನ ನಡುವೆ ಕುಡಿಯೋ ನೀರಿಲ್ಲ

ಸುತ್ತ ನೀರು, ಆದರೆ ಎಲ್ಲ ಉಪ್ಪು. ಹಾಗಾಗಿ ಈ ಜನ ಮಳೆನೀರು ಹಿಡಿದರು. ಮನೆಗಳ ನಡುವಿನ ಬಯಲನ್ನ ಅಗೆದು, ಸುತ್ತ ಜೇಡಿಮಣ್ಣು ಬಳಿದು, ಒಳಗೆ ಮರಳು ತುಂಬಿ, ನಡುವೆ ಬಾವಿಯ ಹಾಗೆ ಒಂದು ಕೊಳವೆ ಎಬ್ಬಿಸ್ತಿದ್ದರು. ಮಳೆನೀರು ಮರಳಲ್ಲಿ ಸೋಸಿ ನಡುವಿನ ಕೊಳವೆಗೆ ಬರುತ್ತಿತ್ತು. 19ನೇ ಶತಮಾನದ ಲೆಕ್ಕಕ್ಕೆ ಇಂಥ ಸುಮಾರು 6,000 ಬಾವಿ ಇದ್ದವು. ನೆಲದ ಕಡೆಯಿಂದ ಪೈಪಿನಲ್ಲಿ ನೀರು ಬಂದದ್ದು 1884ರಲ್ಲಿ. ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್‌ಗೆ ಕಾಯೋ ನಮಗೆ ಇದನ್ನ ಓದಿದರೆ ಹೊಟ್ಟೆಕಿಚ್ಚಾಗುತ್ತೆ.

ಪ್ರವಾಹ ಬಂದು ಉಪ್ಪುನೀರು ಬಾವಿಯ ಮರಳಿಗೆ ಇಳಿದರೆ ಬಾವಿ ಕೆಟ್ಟಂತೆ. ಅದಕ್ಕೇ ಇವತ್ತಿಗೂ ನೋಡಿ, ಹಲವು ಬಾವಿಗಳು ಮೆಟ್ಟಿಲು ಕಟ್ಟಿದ ಎತ್ತರದ ಜಗಲಿಯ ಮೇಲಿವೆ. ಅಂದರೆ ನೀರು ನುಗ್ಗೋದು ಆ ಊರಿಗೆ 20ನೇ ಶತಮಾನದ ಹೊಸ ಕಷ್ಟ ಅಲ್ಲ. ಅದು ಬರುತ್ತೆ ಅಂತ ಒಪ್ಪಿಕೊಂಡೇ ಕಟ್ಟಿದ ಊರು ಅದು.

ಸಮುದ್ರಕ್ಕಿಂತ ಹೂಳಿನ ಭಯ

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಹಳೇ ವೆನಿಸ್ ಗಣರಾಜ್ಯದ ದೊಡ್ಡ ಹೆದರಿಕೆ ಏನಾಗಿತ್ತು ಗೊತ್ತಾ? ಊರು ಮುಳುಗುತ್ತೆ ಅನ್ನೋದಕ್ಕಿಂತ ಜಾಸ್ತಿ, ಊರು ಒಣಗುತ್ತೆ ಅನ್ನೋದು. ಬ್ರೆಂಟಾ, ಪಿಯಾವೆ, ಸಿಲೆ ಅನ್ನೋ ನದಿಗಳು ಆಲ್ಪ್ಸ್ ಕಡೆಯಿಂದ ಮಣ್ಣು ಹೊತ್ತು ತಂದು ಲಗೂನಿಗೆ ಸುರಿಯುತ್ತಿದ್ದವು. ಹೀಗೇ ಬಿಟ್ಟರೆ ಲಗೂನ್ ಹೂಳು ತುಂಬಿ ಗದ್ದೆಯಾಗುತ್ತೆ. ಹಡಗು ಬರೋಲ್ಲ, ವ್ಯಾಪಾರ ಇಲ್ಲ. ಶತ್ರು ಸೈನ್ಯ ನಡೆದುಕೊಂಡೇ ಬರಬಹುದು. ನಿಂತ ನೀರಲ್ಲಿ ಸೊಳ್ಳೆ, ಮಲೇರಿಯಾ ಬೇರೆ.

1501ರಲ್ಲಿ ಗಣರಾಜ್ಯ ನೀರಿಗಾಗಿಯೇ ಒಂದು ಅಧಿಕಾರ ಮಂಡಳಿ ಮಾಡಿತು. ಇದು ಆಮೇಲೆ "ಮಜಿಸ್ಟ್ರಾಟೊ ಅಲ್ಲೆ ಆಕ್ವೆ" ಅನ್ನೋ ಹೆಸರಲ್ಲಿ ಹೆಸರುವಾಸಿಯಾಯಿತು. ನೀರಿನ ನ್ಯಾಯಾಲಯ ಅಂತ ಬೇಕಾದರೆ ಅರ್ಥ ಮಾಡಿಕೊಳ್ಳಿ. ಇವರ ಅಧಿಕಾರ ಸಣ್ಣದಲ್ಲ. ಲಗೂನಿನ ಅಂಚಲ್ಲಿ ಯಾರೇ ಒಂದು ಒಡ್ಡು ಹಾಕಲಿ, ಮೀನಿಗೆ ಬೇಲಿ ಕಟ್ಟಲಿ, ಕಾಲುವೆಗೆ ಕಸ ಹಾಕಲಿ, ಕೇಳೋ ಹಕ್ಕು ಇವರದು. ಸಾರ್ವಜನಿಕ ನೀರಿಗೆ ಯಾವ ರೀತಿಯಿಂದಾದರೂ ಕೇಡು ಮಾಡಿದವನು ದೇಶದ ಶತ್ರು ಅನ್ನೋ ಅರ್ಥದ ಶಾಸನವನ್ನ ಕಲ್ಲಲ್ಲಿ ಕೆತ್ತಿಸಿದ್ದರು. ಊರಿನ ಕೋಟೆಯ ಗೋಡೆಯಷ್ಟೇ ಪವಿತ್ರ ಆ ನೀರು.

16ನೇ ಶತಮಾನದಲ್ಲಿ ಒಂದು ದೊಡ್ಡ ವಾದ ನಡೆಯಿತು. ಒಂದು ಕಡೆ ಆಲ್ವಿಸೆ ಕೊರ್ನಾರೊ, ಪಡೋವಾದಲ್ಲಿದ್ದ ಶ್ರೀಮಂತ ಜಮೀನ್ದಾರ. ಲಗೂನಿನ ಅಂಚಿನ ಜವುಗು ಸುಮ್ಮನೆ ಬಿದ್ದಿದೆ, ಒಡ್ಡು ಕಟ್ಟಿ ನೀರು ಬಸಿದು ಬೇಸಾಯ ಮಾಡೋಣ, ಊರಿಗೆ ದವಸ ಸಿಗುತ್ತೆ ಅನ್ನೋದು ಅವನ ವಾದ. ಕೇಳೋಕೆ ನ್ಯಾಯವಾಗೇ ಇದೆ. ಇನ್ನೊಂದು ಕಡೆ ಕ್ರಿಸ್ಟೊಫೊರೊ ಸಬ್ಬಾದಿನೊ, ನೀರಿನ ಕಚೇರಿಯ ಎಂಜಿನಿಯರ್. ಇವನೂ ಕ್ಯೊಜ್ಜಾದವನೇ. ಅವನ ವಾದ ಹೀಗೆ: ಉಬ್ಬರದಲ್ಲಿ ಲಗೂನಿಗೆ ಎಷ್ಟು ಜಾಸ್ತಿ ನೀರು ನುಗ್ಗುತ್ತೋ, ಇಳಿತದಲ್ಲಿ ಅಷ್ಟೇ ರಭಸದಿಂದ ಹೊರಗೆ ಹೋಗುತ್ತೆ. ಆ ರಭಸವೇ ಕಾಲುವೆಗಳನ್ನ, ಅಳಿವೆಗಳನ್ನ ಗುಡಿಸಿ ಆಳವಾಗಿ ಇಡೋದು. ಅಂಚನ್ನ ಒತ್ತುವರಿ ಮಾಡಿದರೆ ಒಳಗೆ ಬರೋ ನೀರು ಕಡಿಮೆಯಾಗುತ್ತೆ, ಗುಡಿಸೋ ಶಕ್ತಿ ಹೋಗುತ್ತೆ, ಬಂದರು ಮುಚ್ಚುತ್ತೆ. ಖಾಲಿ ಬಿದ್ದ ಹಾಗೆ ಕಾಣೋ ಜವುಗೇ ಊರಿನ ಶ್ವಾಸಕೋಶ.

ಲಗೂನಿನ ವಿಷಯದಲ್ಲಿ ರಾಜ್ಯ ಹೆಚ್ಚಾಗಿ ಸಬ್ಬಾದಿನೊ ಕಡೆಗೇ ನಿಂತಿತು. ನೀವಿರೋ ಊರಿನ ಕೆರೆ ಅಂಚು, ಜವುಗು, ಉಪ್ಪಿನ ಗದ್ದೆ ಏನಾಗಿವೆ ಅಂತ ನೋಡ್ತಿರೋರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬೇರೆ ಹೇಳಬೇಕಿಲ್ಲ.

ಆಮೇಲೆ ಆದದ್ದು ನಿಜಕ್ಕೂ ಸಾಹಸ. ಬ್ರೆಂಟಾ, ಸಿಲೆ, ಪಿಯಾವೆ ನದಿಗಳಿಗೆ ಹೊಸ ಪಾತ್ರ ತೋಡಿ, ಲಗೂನನ್ನ ಬಳಸಿಕೊಂಡು ನೇರ ಸಮುದ್ರಕ್ಕೆ ಬಿಟ್ಟರು. ಈ ಕೆಲಸ ಮುಗಿಯೋ ಹೊತ್ತಿಗೆ 17ನೇ ಶತಮಾನ ಕೊನೆಯಾಗುತ್ತಿತ್ತು. ಇಟಲಿಯ ಅತಿ ಉದ್ದದ ನದಿ ಪೋ ದಕ್ಷಿಣದಿಂದ ಹೂಳು ತರ್ತಿದೆ ಅಂತ 1600ರಿಂದ 1604ರವರೆಗೆ ಸುಮಾರು 7 ಕಿ.ಮೀ. ಕಾಲುವೆ ಅಗೆದು ಅದರ ದಾರಿಯನ್ನೇ ಬದಲಾಯಿಸಿದರು. ಗುದ್ದಲಿ, ಬುಟ್ಟಿ, ಮನುಷ್ಯರು. ಬೇರೆ ಯಂತ್ರ ಇಲ್ಲ.

ಸಮುದ್ರದ ಕಡೆ 1744ರಿಂದ 1782ರವರೆಗೆ ಮರಳು ದಿಬ್ಬಗಳ ಮೇಲೆ ಇಸ್ಟ್ರಿಯಾ ಕಲ್ಲಿನ ದೊಡ್ಡ ತಡೆಗೋಡೆ ಕಟ್ಟಿದರು. ಅದಕ್ಕೆ "ಮುರಾಜ್ಜಿ" ಅಂತ ಹೆಸರು. ಯೋಜನೆ ಬೆರ್ನಾರ್ದಿನೊ ಜೆಂದ್ರಿನಿ ಅನ್ನೋ ಗಣಿತಜ್ಞನದು. 1791ರಲ್ಲಿ ಲಗೂನಿನ ಗಡಿ ಗುರುತಿಸೋ ಕೆಲಸ ಮುಗಿಸಿ ಸುತ್ತ ನೂರರಷ್ಟು ಗಡಿಕಲ್ಲು ನೆಟ್ಟರು. ಇದರೊಳಗೆ ಯಾರೂ ಕೈಹಾಕೋ ಹಾಗಿಲ್ಲ. ಹೈದರಾಬಾದಲ್ಲಿರೋರಿಗೆ ಕೆರೆಯ ಎಫ್‌ಟಿಎಲ್ ಗಡಿ ಅಂದ್ರೆ ಏನು ಅಂತ ಗೊತ್ತಿರುತ್ತೆ. ಅದೇ ಇದು, 18ನೇ ಶತಮಾನದಲ್ಲಿ.

ಇದೆಲ್ಲ ಬರೀ ಬುದ್ಧಿವಂತಿಕೆಯ ಕಥೆ ಅಂತ ನಾನು ಹೇಳಲ್ಲ. ನದಿ ತಿರುಗಿಸಿದ್ದರಿಂದ ಲಗೂನಿಗೆ ಹೊಸ ಮಣ್ಣು ಬರೋದು ನಿಂತಿತು. ಮುಂದೆ ಉಪ್ಪುಜವುಗುಗಳು ಸವೆಯೋಕೆ ಅದೂ ಒಂದು ಕಾರಣವಾಯಿತು. ಒಂದು ತಲೆಮಾರಿನ ಪರಿಹಾರ ಮುಂದಿನವರಿಗೆ ಸಮಸ್ಯೆ. ಆದರೆ ಅವರಿಗೆ ಒಂದು ವಿಷಯ ಗೊತ್ತಿತ್ತು: ಈ ಕೆಲಸಕ್ಕೆ ಮುಗಿಯಿತು ಅನ್ನೋ ದಿನ ಬರೋದಿಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಅದು ಪ್ರಾಜೆಕ್ಟ್ ಆಗಿರಲಿಲ್ಲ, ಮೇಂಟೆನೆನ್ಸ್ ಆಗಿತ್ತು. ಅದೂ 300 ವರ್ಷ ಎಡೆಬಿಡದೆ.

ಕಚೇರಿ ಹೋಯಿತು, ಕಾರ್ಖಾನೆ ಬಂತು

1797ರಲ್ಲಿ ನೆಪೋಲಿಯನ್ ಬಂದ. ಗಣರಾಜ್ಯ ಮುಗಿಯಿತು. ನೀರಿನ ಕಚೇರಿಯೂ ಹಳೇ ಅಧಿಕಾರ ಕಳಕೊಂಡು ಮರೆಯಾಯಿತು. 1907ರಲ್ಲಿ ಇಟಲಿ ಸರ್ಕಾರ ಅದೇ ಹೆಸರಲ್ಲಿ ಒಂದು ಇಲಾಖೆ ಮಾಡಿತು. ಹೆಸರು ಮರಳಿ ಬಂತು, ಬೇಡ ಅನ್ನೋ ಹಳೇ ಧೈರ್ಯ ಬರಲಿಲ್ಲ.

ಈ ನಡುವೆ ಅಳಿವೆಗಳ ಎರಡೂ ಕಡೆ ಉದ್ದುದ್ದ ಕಲ್ಲಿನ ಒಡ್ಡು ಕಟ್ಟಿ, ದೊಡ್ಡ ಹಡಗು ಬರೋ ಹಾಗೆ ಆಳ ಮಾಡಿದರು. 19ನೇ ಶತಮಾನದಲ್ಲಿ ಶುರುವಾದ ಈ ಕೆಲಸ 1930ರ ದಶಕದವರೆಗೂ ನಡೆಯಿತು. ಬಾಯಿ ದೊಡ್ಡದಾಯಿತು, ಸಮುದ್ರ ಒಳಗೆ ಬರೋ ದಾರಿ ಸಲೀಸಾಯಿತು. 1917ರಲ್ಲಿ ಲಗೂನಿನ ನೆಲದ ಅಂಚಲ್ಲಿ ಪೋರ್ಟೊ ಮಾರ್ಗೇರಾ ಅನ್ನೋ ಕೈಗಾರಿಕಾ ಬಂದರು ಹುಟ್ಟಿತು. ಎಣ್ಣೆ ಶುದ್ಧೀಕರಣ, ರಾಸಾಯನಿಕ ಕಾರ್ಖಾನೆಗಳು. ಯಾವ ಜವುಗಿಗಾಗಿ ಸಬ್ಬಾದಿನೊ ಹೋರಾಡಿದನೋ, ಅಂಥದ್ದೇ ಜವುಗನ್ನ ಮಣ್ಣು ತುಂಬಿಸಿ ಸೈಟ್ ಮಾಡಿದರು.

ಕಾರ್ಖಾನೆಗಳಿಗೆ ಸಿಹಿನೀರು ಬೇಕು. ಬೋರ್‌ವೆಲ್ ಕೊರೆದರು. ವಿಶೇಷವಾಗಿ 1950ರಿಂದ 1970ರವರೆಗೆ ಅಂತರ್ಜಲವನ್ನ ಎಗ್ಗಿಲ್ಲದೆ ಎತ್ತಿದರು. ಅಡಿಯ ನೀರು ಖಾಲಿಯಾದಾಗ ಮಣ್ಣಿನ ಪದರ ಕುಸಿದು ಕೂರುತ್ತೆ. ಇಡೀ ಊರೇ ಕೆಳಗಿಳಿಯಿತು. 1970ರ ದಶಕದಲ್ಲಿ ಬೋರ್‌ವೆಲ್ ನಿಲ್ಲಿಸಿದ ಮೇಲೆ ಆ ವೇಗದ ಕುಸಿತ ನಿಂತಿತು, ಆದರೆ ಹೋದ ಎತ್ತರ ವಾಪಸ್ ಬರಲಿಲ್ಲ. 20ನೇ ಶತಮಾನದಲ್ಲಿ ನೆಲ ಕುಸಿದದ್ದು, ಸಮುದ್ರ ಏರಿದ್ದು ಎರಡೂ ಸೇರಿ ಊರು ನೀರಿಗೆ ಹೋಲಿಸಿದರೆ ಸುಮಾರು 23 ಸೆಂ.ಮೀ. ತಗ್ಗಿತು. ಒಂದು ಗೇಣು ಅಂದುಕೊಳ್ಳಿ. ಒಂದು ಗೇಣು ಏನು ಮಹಾ ಅನ್ನಿಸಬಹುದು. ಆದರೆ ಆ ಬಿಳಿ ಕಲ್ಲಿನ ಲೆಕ್ಕ ನೆನಪಿಸಿಕೊಳ್ಳಿ. ಆ ಗೇಣೇ ಕಲ್ಲಿಗೂ ಇಟ್ಟಿಗೆಗೂ ಇದ್ದ ಅಂತರ.

1960ರ ದಶಕದಲ್ಲಿ ಎಣ್ಣೆ ಟ್ಯಾಂಕರುಗಳಿಗಾಗಿ ಮಲಮೊಕ್ಕೊ ಅಳಿವೆಯಿಂದ ಮಾರ್ಗೇರಾದವರೆಗೆ ಲಗೂನಿನೊಳಗೆ ಆಳವಾದ ನೇರ ಕಾಲುವೆ ತೋಡಿದರು. ಆಳವಿಲ್ಲದ ಲಗೂನಿನಲ್ಲಿ ಅದು ಹೆದ್ದಾರಿಯ ಥರ. ಹಡಗಿನ ಅಲೆಗೆ ಸುತ್ತಲಿನ ಮಣ್ಣು ಕರಗಿ ಸಮುದ್ರ ಸೇರತೊಡಗಿತು. ಅದೇ ಕಾಲಕ್ಕೆ ಊರೊಳಗಿನ ಕಾಲುವೆಗಳ ಹೂಳೆತ್ತೋ ಹಳೇ ಪದ್ಧತಿಯೂ ಬಹುತೇಕ ನಿಂತುಹೋಯಿತು. ಮತ್ತೆ ಸರಿಯಾಗಿ ಶುರುವಾಗಿದ್ದು 1990ರ ದಶಕದಲ್ಲಿ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪುರಾವೆ ಹೇಳಬೇಕು. 18ನೇ ಶತಮಾನದ ಚಿತ್ರಕಾರ ಕನಲೆಟ್ಟೊ ವೆನಿಸ್‌ನ ದೃಶ್ಯಗಳನ್ನ ಬರೆಯೋಕೆ ಕ್ಯಾಮೆರಾ ಅಬ್ಸ್‌ಕ್ಯೂರಾ ಅನ್ನೋ ಉಪಕರಣ ಬಳಸ್ತಿದ್ದ. ಹಾಗಾಗಿ ಚಿತ್ರಗಳು ಫೋಟೋ ಥರ ಕರಾರುವಾಕ್ಕು. ಅರಮನೆಗಳ ಗೋಡೆಯ ಮೇಲೆ ಹಸಿರು ಪಾಚಿಯ ಗೆರೆಯನ್ನೂ ಬರೆದಿದ್ದಾನೆ. ದಿನನಿತ್ಯದ ಉಬ್ಬರ ಎಲ್ಲಿವರೆಗೆ ಬರುತ್ತೋ ಅಲ್ಲಿವರೆಗೆ ಪಾಚಿ. ದಾರಿಯೊ ಕಮುಫ್ಫೊ ಅನ್ನೋ ವಿಜ್ಞಾನಿ ಅದೇ ಕಟ್ಟಡಗಳ ಮುಂದೆ ನಿಂತು ಇವತ್ತಿನ ಪಾಚಿ ಗೆರೆಯನ್ನ ಅಳೆದು ಹೋಲಿಸಿದ. ಸುಮಾರು 60 ಸೆಂ.ಮೀ. ಮೇಲೆ ಬಂದಿತ್ತು. ಚಿತ್ರಕಾರ ಅಂದಕ್ಕೆ ಬರೆದ, ಅದು ದಾಖಲೆಯಾಯಿತು.

ಆ 194 ಅಂದ್ರೆ ಏನು

ಇನ್ನೊಂದು ಸ್ಪಷ್ಟೀಕರಣ ಬೇಕು, ಯಾಕಂದ್ರೆ ಸುದ್ದಿಯಲ್ಲಿ ಇದನ್ನ ಯಾವಾಗಲೂ ತಪ್ಪಾಗಿ ಹೇಳ್ತಾರೆ. 194 ಸೆಂ.ಮೀ. ಅಂದ್ರೆ ರಸ್ತೆಯಲ್ಲಿ ಆಳುದ್ದ ನೀರು ಅಂತಲ್ಲ. 1897ರಲ್ಲಿ ನಿಗದಿ ಮಾಡಿದ ಸಮುದ್ರ ಮಟ್ಟವನ್ನ ಸೊನ್ನೆ ಅಂತ ಇಟ್ಟುಕೊಂಡು ಅಳೆಯೋ ಎತ್ತರ ಅದು. ಊರಿನ ತಗ್ಗು ಜಾಗ ಸಂತ ಮಾರ್ಕನ ಚೌಕ, ಅಲ್ಲಿ 80 ದಾಟಿದರೆ ನೆಲ ಒದ್ದೆ. ಮೊದಲು ನೀರು ಚರಂಡಿ ಕಿಂಡಿಗಳಿಂದ ಬುಗ್ಗೆಯ ಹಾಗೆ ಮೇಲೆ ಬರುತ್ತೆ. 110ಕ್ಕೆ ಊರಿನ ಶೇ. 12ರಷ್ಟು ಭಾಗಕ್ಕೆ ನೀರು. 140ಕ್ಕೆ ಅರ್ಧಕ್ಕಿಂತ ಜಾಸ್ತಿ. ಸೈರನ್ ಕೂಗುತ್ತೆ, ಅದರ ಸ್ವರದಲ್ಲೇ ನೀರು ಎಷ್ಟು ಬರುತ್ತೆ ಅಂತ ಜನಕ್ಕೆ ಗೊತ್ತಾಗುತ್ತೆ.

ನೀರು ಏರೋಕೆ ಕಾರಣ ಹಲವು ಸೇರಬೇಕು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರ. ಆಗ್ನೇಯದಿಂದ ಬೀಸೋ ಸಿರೊಕ್ಕೊ ಗಾಳಿ, ಉದ್ದನೆಯ ಏಡ್ರಿಯಾಟಿಕ್ ಸಮುದ್ರದ ನೀರನ್ನ ವೆನಿಸ್ ಇರೋ ಮೂಲೆಗೆ ತಳ್ಳುತ್ತೆ. ವಾಯುಭಾರ ಕುಸಿತ ಇದ್ದರೆ ನೀರು ಇನ್ನೂ ಉಬ್ಬುತ್ತೆ. ಜೊತೆಗೆ, ತುಂಬಿದ ಬಾನಿಯನ್ನ ಒಂದು ಸಲ ಅಲ್ಲಾಡಿಸಿದರೆ ನೀರು ಆ ಕಡೆ ಈ ಕಡೆ ತೂಗುತ್ತಲ್ಲ, ಹಾಗೇ ಇಡೀ ಸಮುದ್ರ ತೂಗುತ್ತೆ. 1966ರಲ್ಲಿ ಗಾಳಿ ಒಂದೇ ಸಮನೆ ತಳ್ಳುತ್ತಲೇ ಇದ್ದದ್ದರಿಂದ ಇಳಿತಕ್ಕೆ ಅವಕಾಶವೇ ಸಿಗಲಿಲ್ಲ. ಪೆಲೆಸ್ಟ್ರಿನಾ ದಿಬ್ಬದಲ್ಲಿ ಮುರಾಜ್ಜಿಯನ್ನೇ ಅಲೆಗಳು ಒಡೆದು ಹಾಕಿದವು. 18ನೇ ಶತಮಾನದ ಗೋಡೆಗೆ ಸರಿಯಾಗಿ ರಿಪೇರಿ ಇರಲಿಲ್ಲ.

ಕಬ್ಬಿಣದ ಬಾಗಿಲು

1966ರ ನಂತರ ಇಟಲಿ ವೆನಿಸ್‌ಗಾಗಿ 1973ರಲ್ಲಿ ಒಂದು ವಿಶೇಷ ಕಾನೂನು ಮಾಡಿತು, 1984ರಲ್ಲಿ ಇನ್ನೊಂದು. ಉಪಾಯ ಏನಂದ್ರೆ, ಮೂರು ಅಳಿವೆಗಳ ತಳದಲ್ಲಿ ಟೊಳ್ಳು ಕಬ್ಬಿಣದ ಬಾಗಿಲುಗಳನ್ನ ಮಲಗಿಸಿಡೋದು. ಅದರೊಳಗೆ ನೀರು ತುಂಬಿರುತ್ತೆ. ಪ್ರವಾಹದ ಮುನ್ಸೂಚನೆ ಬಂದಾಗ ಗಾಳಿ ಪಂಪ್ ಮಾಡಿ ನೀರು ಹೊರಗೆ ಹಾಕಿದರೆ ಬಾಗಿಲು ತೇಲಿ ಎದ್ದು ನಿಲ್ಲುತ್ತೆ. ಸಮುದ್ರಕ್ಕೆ ಬಾಗಿಲು ಹಾಕಿದಂತೆ. ಒಟ್ಟು 78 ಬಾಗಿಲು. ಹೆಸರು ಮೋಸೆ. ಪ್ರಯೋಗಕ್ಕೆ ಮಾಡಿದ ಮೊದಲ ಬಾಗಿಲಿನ ತಾಂತ್ರಿಕ ಹೆಸರಿನ ಮೊದಲಕ್ಷರಗಳು ಅದು, ಜೊತೆಗೆ ಬೈಬಲ್ಲಿನಲ್ಲಿ ಸಮುದ್ರ ಸೀಳಿದ ಮೋಶೆಯ ನೆನಪು.

ಕೆಲಸ ಶುರುವಾಗಿದ್ದು 2003ರಲ್ಲಿ. ಮುಗಿಯೋದು ಮುಂದಕ್ಕೆ ಹೋಗ್ತಾನೇ ಇತ್ತು. ಖರ್ಚು 500 ಕೋಟಿ ಯೂರೋ ದಾಟಿತು. 2014ರ ಜೂನ್‌ನಲ್ಲಿ ಲಂಚದ ತನಿಖೆಯಲ್ಲಿ 35 ಜನರನ್ನ ಬಂಧಿಸಿದರು. ನಂಬ್ತೀರೋ ಇಲ್ಲವೋ, ಆ ಹಗರಣದ ಬೆನ್ನಿಗೇ ಸರ್ಕಾರ ನೀರಿನ ಆ ಹಳೇ ಹೆಸರಿನ ಇಲಾಖೆಯನ್ನೇ ರದ್ದು ಮಾಡಿತು. 1501ರಲ್ಲಿ ಹುಟ್ಟಿದ ಹೆಸರು 2014ರಲ್ಲಿ ಅಳಿಸಿಹೋಯಿತು.

2019ರ ನವೆಂಬರ್ 12ರ ರಾತ್ರಿ 187 ಸೆಂ.ಮೀ. ನೀರು ಬಂತು, 1966ರ ನಂತರ ಅತಿ ಎತ್ತರದ್ದು. ಸಂತ ಮಾರ್ಕನ ಚರ್ಚಿನ ನೆಲಮಾಳಿಗೆಗೂ ನುಗ್ಗಿತು. ಅದೇ ವಾರದಲ್ಲಿ ನಾಲ್ಕು ಸಲ 140 ದಾಟಿತು. ಬಾಗಿಲುಗಳು ನೀರಿನಡಿ ಮಲಗಿದ್ದವು, ಎತ್ತೋ ಹಾಗಿರಲಿಲ್ಲ, ಕೆಲಸ ಮುಗಿದಿರಲಿಲ್ಲ. ಅಂಗಡಿಯವರಿಗೆ ಆವತ್ತು ಎಷ್ಟು ಸಿಟ್ಟು ಬಂದಿರಬೇಕು ಯೋಚಿಸಿ.

2020ರ ಅಕ್ಟೋಬರ್ 3ರಂದು ಮೊದಲ ಸಲ ನಿಜವಾದ ಉಬ್ಬರಕ್ಕೆ 78 ಬಾಗಿಲೂ ಎದ್ದವು. ಹೊರಗೆ ಸಮುದ್ರ 130ರ ಆಸುಪಾಸು, ಒಳಗೆ 70. ಚೌಕ ಒಣಗಿತ್ತು. ಜನ ಅತ್ತರಂತೆ, ನಕ್ಕರಂತೆ. ಎರಡೇ ತಿಂಗಳಲ್ಲಿ, ಡಿಸೆಂಬರ್ 8ಕ್ಕೆ, ಮುನ್ಸೂಚನೆ ಕಡಿಮೆ ಇದೆ ಅಂತ ಬಾಗಿಲು ಎತ್ತಲಿಲ್ಲ. ನೀರು 138ಕ್ಕೆ ಬಂತು, ಊರು ಮತ್ತೆ ಒದ್ದೆ. ಯಂತ್ರ ಇದ್ದರೆ ಸಾಲದು, ಯಾವಾಗ ಒತ್ತಬೇಕು ಅಂತ ನಿರ್ಧರಿಸೋ ಮನುಷ್ಯನೂ ಬೇಕು. 2022ರ ನವೆಂಬರ್ 22ರಂದು ಹೊರಗೆ 170ಕ್ಕೂ ಮೀರಿದ ಸಮುದ್ರ ಬಂದಾಗ ಬಾಗಿಲುಗಳು ಊರನ್ನ ಉಳಿಸಿದವು. ಅವಿಲ್ಲದಿದ್ದರೆ ಅದು 2019ರ ಪುನರಾವರ್ತನೆ ಆಗ್ತಿತ್ತು. ಆ ಬಾಗಿಲುಗಳಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲೇಬೇಕು.

ಆದರೆ ಹಳೇ ಪ್ರಶ್ನೆ ಹೊಸ ರೂಪದಲ್ಲಿ ಬಂದಿದೆ. ಬಾಗಿಲು ಹಾಕಿದರೆ ಉಬ್ಬರ ಇಳಿತ ನಿಲ್ಲುತ್ತೆ. ಸಬ್ಬಾದಿನೊ ಹೇಳಿದ ಗುಡಿಸೋ ಶಕ್ತಿ ಅದೇ ತಾನೇ? ವರ್ಷಕ್ಕೆ ಕೆಲವು ಸಲ ಆದರೆ ಪರವಾಗಿಲ್ಲ. ಸಮುದ್ರ ಮಟ್ಟ ಇನ್ನೂ ಏರಿದರೆ ಬಾಗಿಲು ಮುಚ್ಚೋ ದಿನಗಳೂ ಏರುತ್ತವೆ. ಲಗೂನ್ ಉಸಿರಾಡೋದು ಹೇಗೆ, ಬಂದರಿಗೆ ಹಡಗು ಬರೋದು ಯಾವಾಗ? ಜೊತೆಗೆ ಉಪ್ಪುನೀರಲ್ಲಿ ಮುಳುಗಿರೋ ಕಬ್ಬಿಣದ ಕೀಲುಗಳಿಗೆ ತುಕ್ಕು. ಮತ್ತೆ ಅದೇ, ಮೇಂಟೆನೆನ್ಸ್.

ಯಾರಿಗಾಗಿ ಉಳಿಸೋದು?

ಕೊನೆಯ ಮಾತು ನೀರಿನ ಬಗ್ಗೆ ಅಲ್ಲ, ಜನರ ಬಗ್ಗೆ. 1951ರಲ್ಲಿ ವೆನಿಸ್‌ನ ಹಳೇ ನಗರದಲ್ಲಿ ಸುಮಾರು 1,75,000 ಜನ ಇದ್ದರು. 2022ಕ್ಕೆ ಅದು 50,000ಕ್ಕಿಂತ ಕೆಳಗಿಳಿಯಿತು. ಅಲ್ಲಿನ ಒಂದು ಔಷಧಿ ಅಂಗಡಿಯವರು ಕಿಟಕಿಯಲ್ಲಿ ಜನಸಂಖ್ಯೆಯ ಬೋರ್ಡ್ ಹಾಕಿದ್ದಾರೆ. ಕ್ರಿಕೆಟ್ ಸ್ಕೋರ್ ಥರ, ಆದರೆ ಸಂಖ್ಯೆ ಇಳಿಯೋದೊಂದೇ.

1966ರ ಪ್ರವಾಹ ಹೆಚ್ಚು ಹೊಡೆದದ್ದು ನೆಲಮಟ್ಟದ ಮನೆಗಳಲ್ಲಿದ್ದ ಬಡವರನ್ನ. ಆ ಮನೆಗಳು ಖಾಲಿಯಾದವು. ಜನ ಸೇತುವೆ ದಾಟಿ ನೆಲದ ಮೇಲಿನ ಮೆಸ್ಟ್ರೆಗೆ ಹೋದರು. ಅಲ್ಲಿ ಒಣ ಮನೆ, ಕಡಿಮೆ ಬಾಡಿಗೆ, ಕಾರು ನಿಲ್ಲಿಸೋಕೆ ಜಾಗ, ಮಾರ್ಗೇರಾದಲ್ಲಿ ಕೆಲಸ. ಆಮೇಲೆ ಹಳೇ ಮನೆಗಳು ಪ್ರವಾಸಿಗರ ಬಾಡಿಗೆಗೆ ಹೋದವು, ಬಾಡಿಗೆ ಇನ್ನೂ ಏರಿತು, ಇನ್ನಷ್ಟು ಜನ ಹೋದರು. 2021ರಲ್ಲಿ ದೊಡ್ಡ ವಿಹಾರ ಹಡಗುಗಳು ಊರಿನ ಮುಂದೆ ಹಾಯೋದನ್ನ ನಿಷೇಧಿಸಿದರು. 2024ರ ಏಪ್ರಿಲ್‌ನಿಂದ ಜನಸಂದಣಿಯ ದಿನಗಳಲ್ಲಿ ಒಂದು ದಿನಕ್ಕೆ ಬಂದು ಹೋಗೋ ಪ್ರವಾಸಿಗೆ 5 ಯೂರೋ ಟಿಕೆಟ್ ಇಟ್ಟರು. ಒಂದು ಊರಿಗೆ ಒಳಗೆ ಹೋಗೋಕೆ ಟಿಕೆಟ್. ಊರಾ, ಮ್ಯೂಸಿಯಮ್ಮಾ?

ಇದನ್ನ ಪುಣೆಯಲ್ಲೋ ಹೈದರಾಬಾದಲ್ಲೋ ಕೂತು ಓದ್ತಿರೋ ನಮಗೆ ಈ ಭಾಗ ಸ್ವಲ್ಪ ಚುಚ್ಚುತ್ತೆ. ನಾವೂ ಕೆಲಸಕ್ಕೆ ಅಂತ ಊರು ಬಿಟ್ಟವರೇ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ, ಹಬ್ಬಕ್ಕೆ ಮಾತ್ರ ತೆಗೆಯುತ್ತೆ. ಮನೆಗೆ ಸುಣ್ಣ ಬಳಿಸೋದು ಸುಲಭ, ದುಡ್ಡು ಕಳಿಸಿದರೆ ಆಗುತ್ತೆ. ಮಳೆ ಬಂದಾಗ ಯಾವ ಹೆಂಚು ಸೋರುತ್ತೆ ಅಂತ ನೋಡೋಕೆ ಅಲ್ಲೇ ಇರೋ ಒಬ್ಬ ಮನುಷ್ಯ ಬೇಕು. ಹಾಗಂತ ಯಾರೂ ಊರು ಬಿಡಬಾರದು ಅಂತ ನಾನು ಉಪದೇಶ ಮಾಡಲ್ಲ, ಅದು ನನ್ನ ಬಾಯಿಗೆ ಒಪ್ಪೋದೂ ಇಲ್ಲ. ಮೆಸ್ಟ್ರೆಗೆ ಹೋದವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಒದ್ದೆ ಮನೆಯಲ್ಲಿ ಮಕ್ಕಳನ್ನ ಸಾಕಿ ಪರಂಪರೆ ಉಳಿಸು ಅಂತ ಅವನಿಗೆ ಯಾರು ಹೇಳೋಕಾಗುತ್ತೆ?

ನನ್ನ ಮಾತು ಇಷ್ಟೇ. ಹಳೇ ವೆನಿಸ್‌ನಲ್ಲಿ ನೀರಿನ ಬಗ್ಗೆ ತೀರ್ಮಾನ ಮಾಡೋರು ಅದೇ ನೀರಿನ ಮೇಲೆ ಬದುಕ್ತಿದ್ದರು. ಬಾವಿ ಕೆಟ್ಟರೆ ಅವರ ಮನೆಯ ಬಾವಿಯೂ ಕೆಡ್ತಿತ್ತು, ಬಂದರು ಹೂಳಿದರೆ ಅವರ ಹಡಗೂ ನಿಲ್ತಿತ್ತು. ಅದಕ್ಕೇ ಕೊರ್ನಾರೊನಂಥ ದೊಡ್ಡ ಮನುಷ್ಯನಿಗೂ ಬೇಡ ಅನ್ನೋ ಶಕ್ತಿ ಆ ಕಚೇರಿಗಿತ್ತು. ಲಾಭ ಒಬ್ಬರಿಗೆ, ಒದ್ದೆ ಇನ್ನೊಬ್ಬರಿಗೆ ಅನ್ನೋದು ಶುರುವಾದಾಗಿನಿಂದ ಊರು ಮುಳುಗೋಕೂ ಶುರುವಾಯಿತು. ಬಾಗಿಲುಗಳು ಸಮುದ್ರವನ್ನ ತಡೀತವೆ, ಸದ್ಯಕ್ಕೆ. ನೀರಿನ ಲೆಕ್ಕ ಇಡೋ ಜನ ಒಳಗೆ ಉಳಿದಿದ್ದರೆ ಆ ಬಾಗಿಲುಗಳ ಮುಂದಿನ 100 ವರ್ಷದ ಬಗ್ಗೆ ನನಗೆ ಧೈರ್ಯ ಇರ್ತಿತ್ತು.

ನಿಮ್ಮ ಏರಿಯಾದಲ್ಲಿ ಹಳೇ ಕಾಲದ ಕೆರೆ, ರಾಜಕಾಲುವೆ, ಅಳಿವೆ ಏನಾದರೂ ಇದ್ದರೆ, ಅದರ ಗಡಿಕಲ್ಲು ಎಲ್ಲಿದೆ ಅಂತ ಒಂದು ಭಾನುವಾರ ಹೋಗಿ ನೋಡಿ ಬನ್ನಿ. ಸಿಕ್ಕಿದರೆ ನನಗೂ ಬರೆಯಿರಿ. ಮತ್ತೆ ಸಿಗೋಣ, ನಮಸ್ಕಾರ.